ನಡುಗಡಲಿನಲ್ಲಿ ಸೈಕಲ್ ಅಂಗಡಿ ಇಲ್ಲ

ಮಕ್ಕಳೇ,

ಕಳೆದ ಭಾನುವಾರ ಸಂಜೆ ಕಟ್ಟೆಯ ಮೇಲೆ ಕುಳಿತಿದ್ದೆ. ಕೋಟೆಯ ಕಡೆಯಿಂದ ನವಿಲುಗಳ ಕೂಗು ಕೇಳುತ್ತಿತ್ತು. ಆಗ ನನ್ನ ಮೊಮ್ಮಗ ಬಾಡದ ದಾರಿಯಿಂದ ಸೈಕಲ್ ತಳ್ಳಿಕೊಂಡು ಬಂದ. ಮುಖ ಕೆಂಪಾಗಿತ್ತು, ಕೈಯೆಲ್ಲ ಕರಿ ಎಣ್ಣೆ.

"ಏನಾತೋ?" ಎಂದೆ.

"ಚೈನು ಹರೀತು ಅಜ್ಜಾ."

"ಒಮ್ಮಿಂದೊಮ್ಮೆಲೇ ಹರೀತೇನು?"

ಅವನು ತಲೆ ತಗ್ಗಿಸಿದ. ಎಂಟು ದಿನಗಳಿಂದ ಚೈನು ಕಟಕಟ ಸದ್ದು ಮಾಡುತ್ತಿತ್ತಂತೆ. ಒಂದು ಕೊಂಡಿ ಬಾಯಿ ಬಿಟ್ಟಿದ್ದನ್ನೂ ನೋಡಿದ್ದನಂತೆ. ಯಾರಿಗೂ ಹೇಳಲಿಲ್ಲ.

"ಯಾಕ ಹೇಳಲಿಲ್ಲ?"

"ನೀವು ಬೈತೀರಿ ಅಂತ."

ಈ ಮಾತು ನನಗೆ ಚುಚ್ಚಿತು. ಅದರ ವಿಷಯ ಕೊನೆಗೆ ಹೇಳುತ್ತೇನೆ. ಆಗ ಅವನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಬೇರೊಂದು ಪ್ರಶ್ನೆ ಕೇಳಿದೆ. "ಇಲ್ಲಿ ಚೈನು ಹರಿದರೆ ನಾಳೆ ಅಂಗಡಿಗೆ ಒಯ್ಯಬಹುದು. ಸುತ್ತ ಎರಡು ಸಾವಿರ ಕಿಲೋಮೀಟರ್ ಒಂದು ಅಂಗಡಿಯೂ ಇಲ್ಲ, ಮನುಷ್ಯರೂ ಇಲ್ಲ, ನೆಲವೂ ಇಲ್ಲ ಎಂದರೆ ಏನು ಮಾಡುತ್ತಿದ್ದಿ?" ಅವನು ಕಣ್ಣರಳಿಸಿ ನೋಡಿದ. ಆ ಸಂಜೆ ಅವನಿಗೆ ಹೇಳಿದ್ದನ್ನೇ ಈ ವಾರ ನಿಮಗೂ ಹೇಳುತ್ತೇನೆ. ಅದು ಹಾಯಿದೋಣಿಯಲ್ಲಿ ಸಾಗರ ದಾಟುವವರ ಕಥೆ.

ಬಂಕಾಪುರದ ಮುದುಕನಿಗೆ ಸಮುದ್ರದ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ನಮಗೂ ಸಮುದ್ರಕ್ಕೂ ಹಳೆಯ ನಂಟಿದೆ. ನೂರೈವತ್ತು ವರ್ಷಗಳ ಹಿಂದೆ ನಮ್ಮ ಧಾರವಾಡ ಸೀಮೆಯ ಹತ್ತಿ ಎತ್ತಿನ ಬಂಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಅಲ್ಲಿಂದ ಹಡಗು ಹತ್ತುತ್ತಿತ್ತು. ಬೆಳೆದದ್ದು ನಮ್ಮ ಎರೆಮಣ್ಣಿನಲ್ಲಾದರೂ ವ್ಯಾಪಾರದಲ್ಲಿ ಅದಕ್ಕೆ 'ಕುಮಟಾ ಹತ್ತಿ' ಎಂದೇ ಹೆಸರು ಬಿತ್ತು. ಅಂಥ ದೂರದ ದಾರಿ ಹಿಡಿಯುವ ಬಂಡಿಯವನು ಗಾಲಿಯ ಕೀಲು, ಹಗ್ಗ, ಎಣ್ಣೆಯ ಗೊಟ್ಟ ಇಲ್ಲದೆ ಮನೆ ಬಿಡುತ್ತಿರಲಿಲ್ಲ. ಘಟ್ಟದಲ್ಲಿ ಕೀಲು ಬಿದ್ದರೆ ಕಂಬಾರ ಎಲ್ಲಿ ಸಿಗಬೇಕು?

ಇನ್ನೊಂದು ನಂಟು ಹೊಸದು. ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿ ನದಿಯ ಹೆಸರನ್ನು ನೀವು ಕೇಳಿರುತ್ತೀರಿ. ಕಳಸಾ-ಬಂಡೂರಿ ಎಂದು ದಿನಾ ಪತ್ರಿಕೆಗಳಲ್ಲಿ ಬರುತ್ತಿರುತ್ತದೆ. ಅದು ಗೋವಾಕ್ಕೆ ಹೋಗಿ ಮಾಂಡೋವಿಯಾಗಿ ಸಮುದ್ರ ಸೇರುತ್ತದೆ. ಭಾರತೀಯ ನೌಕಾಪಡೆಯವರು ಗೋವಾದಲ್ಲಿ ಕಟ್ಟಿಸಿದ ಒಂದು ಹಾಯಿದೋಣಿಗೆ ಈ ನದಿಯ ಹೆಸರನ್ನೇ ಇಟ್ಟರು: 'ಮ್ಹಾದೇಯಿ'. ಉದ್ದ 56 ಅಡಿ. 2009ರ ಆಗಸ್ಟ್‌ನಲ್ಲಿ ಮುಂಬೈಯಿಂದ ಹೊರಟ ದಿಲೀಪ್ ದೊಂದೆ ಅದರಲ್ಲಿ ಒಬ್ಬರೇ, ನಾಲ್ಕು ಬಂದರುಗಳಲ್ಲಿ ತಂಗಿ, ಭೂಮಿಯನ್ನು ಸುತ್ತಿ 2010ರ ಮೇನಲ್ಲಿ ಹಿಂದಿರುಗಿದರು. ಹಾಗೆ ಒಂಟಿಯಾಗಿ ಸುತ್ತಿದ ಮೊದಲ ಭಾರತೀಯರು ಅವರೇ. ಅದೇ ದೋಣಿಯಲ್ಲಿ ಅಭಿಲಾಷ್ ಟಾಮಿ 2012ರ ನವೆಂಬರ್ 1ರಂದು ಹೊರಟು, ಎಲ್ಲಿಯೂ ನಿಲ್ಲದೆ, 2013ರ ಮಾರ್ಚ್ 31ರಂದು ಮುಂಬೈ ಮುಟ್ಟಿದರು. ಐದು ತಿಂಗಳು ನೆಲ ಮುಟ್ಟಿರಲಿಲ್ಲ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ಲೆಕ್ಕವಿಲ್ಲದೆ ನನಗೆ ಕಥೆ ಹೇಳಲು ಬರುವುದಿಲ್ಲ. ಭೂಮಿಯ ಸುತ್ತಳತೆ 360 ಡಿಗ್ರಿ. ಒಂದು ಡಿಗ್ರಿಗೆ 60 ನಾಟಿಕಲ್ ಮೈಲಿ. ಗುಣಿಸಿದರೆ 21,600. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿಲೋಮೀಟರ್, ಹಾಗಾಗಿ ಒಟ್ಟು ಸುಮಾರು 40,000 ಕಿಲೋಮೀಟರ್. ಇಂಥ ದೋಣಿ ಗಂಟೆಗೆ ಐದು, ಆರು, ಏಳು ನಾಟಿಕಲ್ ಮೈಲಿ ಸಾಗುತ್ತದೆ. ಎಂದರೆ ನೀವು ಶಾಲೆಗೆ ಸೈಕಲ್ ತುಳಿಯುವಷ್ಟೇ ವೇಗ! ಸೈಕಲ್ಲಿನ ವೇಗದಲ್ಲಿ ಭೂಮಿಯನ್ನು ಸುತ್ತಬೇಕು. ಅದಕ್ಕೇ ತಿಂಗಳುಗಟ್ಟಲೆ ಬೇಕು.

ಇನ್ನೊಂದು ಲೆಕ್ಕ. ಹತ್ತು ಸೆಕೆಂಡಿಗೆ ಒಂದು ಅಲೆ ದೋಣಿಯನ್ನು ಎತ್ತಿ ಇಳಿಸುತ್ತದೆ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 6, ಗಂಟೆಗೆ 360, ದಿನಕ್ಕೆ 8,640. ನಲವತ್ತು ದಿನಗಳಲ್ಲಿ ಸುಮಾರು ಮೂರೂವರೆ ಲಕ್ಷ ಸಲ. ಪ್ರತಿ ಸಲವೂ ಹಾಯಿಯ ಹಗ್ಗ ಅದೇ ರಾಟೆಯ ಅದೇ ಜಾಗದಲ್ಲಿ ಉಜ್ಜುತ್ತದೆ, ಚುಕ್ಕಾಣಿಯ ಕೀಲು ಅದೇ ಕಡೆ ಅಲುಗುತ್ತದೆ. ಮೇಲಿನಿಂದ ಉಪ್ಪುನೀರು. ನಮ್ಮ ಬಾವಿಯ ಹಗ್ಗ ದಿನಕ್ಕೆ ಇಪ್ಪತ್ತು ಕೊಡ ಸೇದಿದರೂ ವರ್ಷಕ್ಕೆ ಹರಿಯುತ್ತದಲ್ಲ, ಅಲ್ಲಿ ಏನು ಗತಿ! ದೂರದ ಪಯಣದಲ್ಲಿ ಏನೂ ಕೆಡದಿರಲಿ ಎಂದು ಬಯಸುವುದು ವ್ಯರ್ಥ. ಕೆಟ್ಟೇ ಕೆಡುತ್ತದೆ. ಯಾವಾಗ, ಯಾವುದು ಎಂಬುದಷ್ಟೇ ಪ್ರಶ್ನೆ.

ಆದ್ದರಿಂದ ಒಳ್ಳೆಯ ನಾವಿಕರು ದಿನಕ್ಕೊಮ್ಮೆಯಾದರೂ ದೋಣಿಯ ತುದಿಯಿಂದ ತುದಿಗೆ ಒಂದು ಸುತ್ತು ಹಾಕುತ್ತಾರೆ. ಹಗ್ಗದ ಮೇಲೆ ಕೈಯಾಡಿಸುತ್ತಾರೆ. ಒಂದು ಎಳೆ ಎದ್ದಿದೆಯೇ? ಹಾಗಿದ್ದರೆ ಉಜ್ಜುವ ಜಾಗ ಬದಲಾಗುವಂತೆ ಒಂದು ಗೇಣು ಸಡಿಲಿಸುತ್ತಾರೆ. ದೋಣಿಯ ಅಟ್ಟದ ಮೇಲೆ ಒಂದು ನಟ್ಟು ಬಿದ್ದಿದೆಯೇ? ಅದನ್ನು ಎಸೆಯುವುದಿಲ್ಲ. ಎಲ್ಲಿಂದ ಬಿತ್ತು ಎಂದು ತಲೆ ಎತ್ತಿ ಹುಡುಕುತ್ತಾರೆ. ಕಂಡದ್ದನ್ನು ದಿನಾಂಕ, ಗಂಟೆ ಹಾಕಿ ಪುಸ್ತಕದಲ್ಲಿ ಬರೆಯುತ್ತಾರೆ. ಅದಕ್ಕೆ ಲಾಗ್ ಪುಸ್ತಕ ಎನ್ನುತ್ತಾರೆ. ನಮ್ಮ ಬ್ಯಾಂಕಿನ ಡೇಬುಕ್ ಇದ್ದ ಹಾಗೆ.

ದೋಣಿಯ ತಳದಲ್ಲಿ ನೀರು ಕಂಡರೆ ಮೊದಲು ಏನು ಮಾಡುತ್ತಾರೆ ಗೊತ್ತೇ? ಬೆರಳು ಅದ್ದಿ ನೆಕ್ಕಿ ನೋಡುತ್ತಾರೆ! ಉಪ್ಪಾಗಿದ್ದರೆ ಸಮುದ್ರ ಒಳಗೆ ಬರುತ್ತಿದೆ ಎಂದರ್ಥ. ಸಿಹಿಯಾಗಿದ್ದರೆ ಕುಡಿಯುವ ನೀರಿನ ಟ್ಯಾಂಕು ಸೋರುತ್ತಿದೆ ಎಂದರ್ಥ. ಎರಡೂ ಕಷ್ಟವೇ, ಆದರೆ ಓಡಬೇಕಾದ ದಿಕ್ಕು ಬೇರೆ. ತೊಟ್ಟಿಯ ನೀರು ಹೊರಹೋಗಲು, ಎಂಜಿನ್ ತಣಿಸುವ ನೀರು ಒಳಬರಲು ದೋಣಿಯ ತಳದಲ್ಲಿ ಕೊಳವೆಯ ತೂತುಗಳಿರುತ್ತವೆ. ಪ್ರತಿ ತೂತಿನ ಪಕ್ಕದಲ್ಲಿ ಅದರ ಅಳತೆಯ ಮರದ ಬಿರಡೆಯನ್ನು ದಾರದಿಂದ ಕಟ್ಟಿಟ್ಟಿರುತ್ತಾರೆ. ಕೊಳವೆ ಒಡೆದಾಗ ಕತ್ತಲಲ್ಲಿ ಬಿರಡೆ ಹುಡುಕುತ್ತ ಕೂರಲಾಗುವುದಿಲ್ಲ. ಕುಡಿಯುವ ನೀರನ್ನೂ ಒಂದೇ ಟ್ಯಾಂಕಿನಲ್ಲಿ ಇಡುವುದಿಲ್ಲ, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಹಂಚಿಡುತ್ತಾರೆ. ಇನ್ನು ಹೊರಗೆ ಕೆಲಸ ಮಾಡುವಾಗ ಎದೆಗೆ ಪಟ್ಟಿ ಕಟ್ಟಿ, ಅದರ ಹಗ್ಗದ ಕೊಂಡಿಯನ್ನು ದೋಣಿಗೆ ಸಿಕ್ಕಿಸಿಕೊಳ್ಳುತ್ತಾರೆ. ಒಂದು ಕೈ ದೋಣಿಗೆ, ಒಂದು ಕೈ ನಿನಗೆ ಎಂಬುದು ನಾವಿಕರ ಹಳೆಯ ಮಾತು. ಕೆಲಸದ ಭರದಲ್ಲಿ ನೀನೇ ನೀರಿಗೆ ಬಿದ್ದರೆ ದುರಸ್ತಿ ಮಾಡುವವರು ಯಾರು?

ಇಷ್ಟೆಲ್ಲ ಮಾಡಿದರೂ ಮುರಿಯುವುದು ಮುರಿಯುತ್ತದೆ. ಆಗ ಕೈಯಲ್ಲಿದ್ದುದರಿಂದಲೇ ದುರಸ್ತಿಯಾಗಬೇಕು.

'ಸುಹೈಲಿ' ಎಂಬ ದೋಣಿಯ ಕಥೆ ಕೇಳಿರಿ. ಅದು ಮುಂಬೈಯಲ್ಲಿ ನಮ್ಮ ಬಡಗಿಗಳು ಸಾಗವಾನಿ ಮರದಿಂದ ಕಟ್ಟಿದ 32 ಅಡಿಯ ದೋಣಿ. 1968ರ ಜೂನ್ 14ರಂದು ರಾಬಿನ್ ನಾಕ್ಸ್-ಜಾನ್‌ಸ್ಟನ್ ಎಂಬ ಇಂಗ್ಲಿಷ್ ನಾವಿಕ ಇದರಲ್ಲಿ ಒಬ್ಬನೇ ಇಂಗ್ಲೆಂಡಿನ ಫಾಲ್ಮತ್‌ನಿಂದ ಹೊರಟ. ಎಲ್ಲೂ ನಿಲ್ಲದೆ ಭೂಮಿಯನ್ನು ಸುತ್ತುವ 'ಗೋಲ್ಡನ್ ಗ್ಲೋಬ್' ಪಂದ್ಯ ಅದು. ಸ್ವಲ್ಪ ದಿನಗಳಲ್ಲೇ ದೋಣಿಯ ತಳದ ಹಲಗೆಗಳ ಸಂದಿನಿಂದ ನೀರು ಬರತೊಡಗಿತು. ಅವನು ಸಮುದ್ರಕ್ಕೆ ಧುಮುಕಿ, ಉಸಿರು ಕಟ್ಟಿ, ಸಂದಿಗೆ ಹತ್ತಿ ತುಂಬಿದ. ಅದರ ಮೇಲೆ ಕ್ಯಾನ್ವಾಸ್ ಪಟ್ಟಿ, ಅದರ ಮೇಲೆ ತಾಮ್ರದ ತಗಡು ಬಡಿದ. ನಡುವೆ ಒಂದು ಶಾರ್ಕ್ ಸುತ್ತಲೂ ಸುಳಿಯಿತು. ಮೇಲೆ ಹತ್ತಿ ಬಂದೂಕಿನಿಂದ ಅದನ್ನು ಹೊಡೆದು, ಮತ್ತೆ ಇಳಿದು ಕೆಲಸ ಮುಗಿಸಿದ. ಆಫ್ರಿಕಾದ ತುದಿಯ ಬಳಿ ಅಲೆಯೊಂದು ದೋಣಿಯನ್ನು ಮಗುಚಿದಾಗ ಕುಡಿಯುವ ನೀರು ಕೆಟ್ಟಿತು. ಹಾಯಿಯಿಂದ ಇಳಿದ ಮಳೆನೀರನ್ನು ಹಿಡಿದು ಕುಡಿದ. ತಾನಾಗಿ ದಿಕ್ಕು ಹಿಡಿಯುವ ಯಂತ್ರ ಮುರಿಯಿತು. ಹಾಯಿಗಳನ್ನೇ ಹಿಂದೆ ಮುಂದೆ ಹೊಂದಿಸಿ ದೋಣಿ ನೇರ ಹೋಗುವಂತೆ ಮಾಡಿಕೊಂಡ. ರೇಡಿಯೊ ಸತ್ತಿತು. ನ್ಯೂಜಿಲೆಂಡ್ ಬಿಟ್ಟ ಮೇಲೆ ತಿಂಗಳುಗಟ್ಟಲೆ ಅವನು ಬದುಕಿದ್ದಾನೋ ಇಲ್ಲವೋ ಜಗತ್ತಿಗೆ ತಿಳಿಯಲಿಲ್ಲ. 1969ರ ಏಪ್ರಿಲ್ 22ರಂದು, 312 ದಿನಗಳ ನಂತರ, ಫಾಲ್ಮತ್ ಬಂದರಿಗೆ ಬಂದ. ಹೊರಟವರು ಒಂಬತ್ತು ಜನ, ಮುಗಿಸಿದವನು ಅವನೊಬ್ಬನೇ.

ಎಲ್ಲ ದುರಸ್ತಿಯನ್ನೂ ನಡುಗಡಲಿನಲ್ಲೇ ಮಾಡಬೇಕೆಂಬ ಹಟ ಬೇಕಿಲ್ಲ. 'ತಾರಿಣಿ' ನೆನಪಿದೆಯೇ? 2017ರ ಸೆಪ್ಟೆಂಬರ್ 10ರಂದು ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ವರ್ತಿಕಾ ಜೋಶಿಯವರ ಮುಂದಾಳುತನದಲ್ಲಿ ಗೋವಾದಿಂದ ಹೊರಟ ದೋಣಿ. ಶಾಂತಸಾಗರದಲ್ಲಿ ದೊಡ್ಡ ಬಿರುಗಾಳಿಯನ್ನು ಎದುರಿಸಿದರು, ದಕ್ಷಿಣ ಅಮೆರಿಕದ ಕೇಪ್ ಹಾರ್ನ್ ದಾಟಿದರು. ನಾಲ್ಕು ಬಂದರುಗಳಲ್ಲಿ ಮಾತ್ರ ತಂಗುವುದೆಂದು ಯೋಜನೆ. ಇನ್ನೇನು ಮನೆ ಹತ್ತಿರ ಬಂತು ಎನ್ನುವಾಗ ಹಿಂದೂ ಮಹಾಸಾಗರದಲ್ಲಿ ಚುಕ್ಕಾಣಿಯ ಯಂತ್ರ ಕೈಕೊಟ್ಟಿತು. ಹಾಗೂ ಹೀಗೂ ಗೋವಾಕ್ಕೆ ಎಳೆದುಕೊಂಡು ಹೋಗೋಣ ಎಂದು ಅವರು ಹೊರಡಲಿಲ್ಲ. 2018ರ ಏಪ್ರಿಲ್‌ನಲ್ಲಿ ಮಾರಿಷಸ್‌ನ ಪೋರ್ಟ್ ಲೂಯಿ ಬಂದರಿಗೆ ಹೋಗಿ ಸರಿಮಾಡಿಸಿಕೊಂಡು ಮುಂದುವರಿದರು. ಮೇ 21ರಂದು ಆರೂ ಜನ ನಗುತ್ತ ಗೋವಾದಲ್ಲಿ ಇಳಿದರು. ನಾಲ್ಕರ ಜಾಗದಲ್ಲಿ ಐದು ಬಂದರಾಯಿತು, ಅಷ್ಟೇ. ಅದರಿಂದ ಅವರ ಸಾಧನೆಗೆ ಕುಂದೇನೂ ಬರಲಿಲ್ಲ.

ಇನ್ನು ಕೈಯಲ್ಲೂ ಆಗದು, ಬಂದರೂ ಹತ್ತಿರವಿಲ್ಲ ಎಂಬ ಗಳಿಗೆ. ಅದೂ ಬರುತ್ತದೆ.

2018ರಲ್ಲಿ ಗೋಲ್ಡನ್ ಗ್ಲೋಬ್ ಪಂದ್ಯವನ್ನು ಐವತ್ತು ವರ್ಷಗಳ ನೆನಪಿಗೆ ಮತ್ತೆ ನಡೆಸಿದರು. ಹಳೆಯ ಕಾಲದ ರೀತಿಯಲ್ಲೇ, ಸೂರ್ಯ ನಕ್ಷತ್ರ ನೋಡಿ ದಾರಿ ಹಿಡಿಯಬೇಕು. ನಮ್ಮ ಅಭಿಲಾಷ್ ಟಾಮಿ 'ತುರೀಯ' ಎಂಬ ದೋಣಿಯಲ್ಲಿ ಹೊರಟರು. ಸುಹೈಲಿಯ ಮಾದರಿಯಲ್ಲೇ ಗೋವಾದಲ್ಲಿ ಕಟ್ಟಿದ ದೋಣಿ ಅದು. ಸೆಪ್ಟೆಂಬರ್ 21ರಂದು ಮೂರನೇ ಸ್ಥಾನದಲ್ಲಿದ್ದರು. ಆಸ್ಟ್ರೇಲಿಯಾದ ಪರ್ತ್ ನಗರದಿಂದ ಸುಮಾರು 1,900 ನಾಟಿಕಲ್ ಮೈಲಿ ದೂರದಲ್ಲಿ ಬಿರುಗಾಳಿ ಹಿಡಿಯಿತು. ಗಾಳಿಯ ವೇಗ ಗಂಟೆಗೆ ಸುಮಾರು 130 ಕಿಲೋಮೀಟರ್, ಅಲೆಗಳು ನಾಲ್ಕು ಮಹಡಿಯ ಕಟ್ಟಡದಷ್ಟು ಎತ್ತರ. ದೋಣಿ ಪೂರ್ತಿ ಒಂದು ಉರುಳು ಉರುಳಿತು. ಕೂವೆಮರ ಮುರಿಯಿತು. ಅಭಿಲಾಷ್ ಬಿದ್ದು ಬೆನ್ನೆಲುಬಿಗೆ ಭಾರಿ ಪೆಟ್ಟಾಯಿತು. ಎದ್ದು ನಿಲ್ಲಲೂ ಆಗಲಿಲ್ಲ.

ಕೈಗೆ ಸಿಕ್ಕ ಸಣ್ಣ ಯಂತ್ರದಿಂದ ಅವರು ದಡಕ್ಕೆ ಸಂದೇಶ ಕಳಿಸಿದರು. ಅದರಲ್ಲಿ ಇದ್ದದ್ದು ಕೆಲವೇ ಪದಗಳು: ದೋಣಿ ಉರುಳಿದೆ, ಕೂವೆ ಹೋಗಿದೆ, ಬೆನ್ನಿಗೆ ದೊಡ್ಡ ಪೆಟ್ಟು, ಏಳಲಾಗುತ್ತಿಲ್ಲ. ಉಪಗ್ರಹ ಫೋನು ತುರ್ತು ಚೀಲದಲ್ಲಿದೆ, ಚೀಲ ಕೈಗೆಟುಕುತ್ತಿಲ್ಲ ಎಂದೂ ತಿಳಿಸಿದರು. ಒಂದನ್ನೂ ಹೆಚ್ಚಿಸಿ ಹೇಳಲಿಲ್ಲ, ಕಡಿಮೆ ಮಾಡಿಯೂ ಹೇಳಲಿಲ್ಲ. ಅವರು ಆಗ ನೌಕಾಪಡೆಯ ಅಧಿಕಾರಿ, ಕೀರ್ತಿ ಚಕ್ರ ಪಡೆದ ವೀರ. 'ನನಗೆ ಏಳಲಾಗುತ್ತಿಲ್ಲ' ಎಂದು ಹೇಳಲು ಅಂಥವರೂ ನಾಚಲಿಲ್ಲ ಎಂಬುದನ್ನು ಗಮನಿಸಿ.

ಆ ಸಂದೇಶದಲ್ಲಿದ್ದ ಸತ್ಯದಿಂದಲೇ ಮುಂದಿನ ಕೆಲಸವೆಲ್ಲ ನಡೆಯಿತು. ನಡೆಯಲಾಗದವರನ್ನು ಸ್ಟ್ರೆಚರ್ ಮೇಲೆ ತರಬೇಕೆಂದು ರಕ್ಷಕರಿಗೆ ತಿಳಿಯಿತು. ಮಾರಿಷಸ್‌ನಿಂದ ನಮ್ಮ ನೌಕಾಪಡೆಯ ವಿಮಾನ ಹಾರಿ ದೋಣಿಯನ್ನು ಕಂಡಿತು. ಅದೇ ಬಿರುಗಾಳಿಯಲ್ಲಿ ತನ್ನ ಕೂವೆಗಳನ್ನೂ ಕಳೆದುಕೊಂಡಿದ್ದ ಐರ್ಲೆಂಡಿನ ಸ್ಪರ್ಧಿ ಗ್ರೆಗರ್ ಮೆಕ್‌ಗಕಿನ್, ಉಳಿದ ತುಂಡುಗಳಿಂದ ಒಂದು ತಾತ್ಕಾಲಿಕ ಹಾಯಿ ಎತ್ತಿ, ಅಭಿಲಾಷ್ ಇದ್ದ ಕಡೆಗೇ ದೋಣಿ ತಿರುಗಿಸಿದ. ಫ್ರಾನ್ಸಿನ 'ಒಸಿರಿಸ್' ಎಂಬ ಮೀನುಗಾರಿಕೆ ಕಾವಲು ಹಡಗು ಸೆಪ್ಟೆಂಬರ್ 24ರಂದು ಬಂದು ಅಭಿಲಾಷ್ ಅವರನ್ನು ಎತ್ತಿಕೊಂಡಿತು. ಮೆಕ್‌ಗಕಿನ್‌ನನ್ನೂ ಕರೆದುಕೊಂಡಿತು. ಆಮೇಲೆ ನಮ್ಮ 'ಐಎನ್‌ಎಸ್ ಸಾತ್ಪುರ' ಹಡಗು ಅಭಿಲಾಷ್ ಅವರನ್ನು ವಿಶಾಖಪಟ್ಟಣಕ್ಕೆ ತಂದಿತು. ಬೆನ್ನಿಗೆ ಲೋಹದ ಸಲಾಕೆ ಹಾಕಿದರು. ಮಗುವಿನಂತೆ ಮತ್ತೆ ನಡೆಯುವುದನ್ನು ಕಲಿಯಬೇಕಾಯಿತು.

"ಆಮ್ಯಾಲೆ ಸಮುದ್ರಕ್ಕ ಹೋಗಲಿಲ್ಲ ಹೌದಿಲ್ಲೋ?" ಎಂದ ಮೊಮ್ಮಗ.

ಹೋದರು! 2022ರ ಸೆಪ್ಟೆಂಬರ್ 4ರಂದು ಅದೇ ಪಂದ್ಯಕ್ಕೆ 'ಬಯಾನತ್' ಎಂಬ ದೋಣಿಯಲ್ಲಿ ಹೊರಟರು. ಪಂದ್ಯಕ್ಕೆ ಕೆಲವೇ ವಾರಗಳ ಮುಂಚೆ ದೊಡ್ಡ ಸರಕು ಹಡಗೊಂದಕ್ಕೆ ಡಿಕ್ಕಿಯಾಗಿ ದೋಣಿಯ ಮೂತಿ ಮುರಿದಿತ್ತು. ಸರಿಮಾಡಿಕೊಂಡೇ ಹೊರಟರು. ದಾರಿಯಲ್ಲಿ ಗಾಳಿಯ ಬಲದಿಂದ ದಿಕ್ಕು ಹಿಡಿಯುವ ಯಂತ್ರ ಮುರಿಯಿತು. ಬದಲಿ ತುಂಡುಗಳೂ ಮುಗಿದವು. ಆಗ ಏನು ಮಾಡಿದರು ಗೊತ್ತೇ? ದೋಣಿಯ ಶೌಚಾಲಯದ ಬಾಗಿಲನ್ನು ಬಿಚ್ಚಿ, ಕೊಯ್ದು, ಯಂತ್ರಕ್ಕೆ ಹಲಗೆ ಮಾಡಿದರು! ಒಬ್ಬರೇ ಇರುವ ದೋಣಿಯಲ್ಲಿ ಆ ಬಾಗಿಲು ಯಾರಿಗೆ ಬೇಕು? ಮೊಮ್ಮಗ ಇದನ್ನು ಕೇಳಿ ಹೊಟ್ಟೆ ಹಿಡಿದು ನಕ್ಕ. 236 ದಿನಗಳ ನಂತರ, 2023ರ ಏಪ್ರಿಲ್ 29ರಂದು ಫ್ರಾನ್ಸಿನ ಬಂದರು ಮುಟ್ಟಿ ಎರಡನೆಯವರಾದರು. ಮೊದಲು ಬಂದವರು ದಕ್ಷಿಣ ಆಫ್ರಿಕಾದ ಕರ್ಸ್ಟನ್ ನಾಯ್‌ಶೇಫರ್ ಎಂಬ ಮಹಿಳೆ. ಹೊರಟ ಹದಿನಾರು ಜನರಲ್ಲಿ ಎಲ್ಲೂ ನಿಲ್ಲದೆ ಮುಗಿಸಿದವರು ಮೂವರೇ.

ಈಗ ಒಂದು ದುಃಖದ ಕಥೆಯನ್ನೂ ಹೇಳಬೇಕು. 1968ರ ಮೊದಲ ಪಂದ್ಯದಲ್ಲಿ ಡೊನಾಲ್ಡ್ ಕ್ರೌಹರ್ಸ್ಟ್ ಎಂಬ ಇನ್ನೊಬ್ಬ ಇದ್ದ. ಬುದ್ಧಿವಂತ, ನಾಲ್ಕು ಮಕ್ಕಳ ತಂದೆ. ಸಾಲ ಮಾಡಿ ದೋಣಿ ಕಟ್ಟಿಸಿದ್ದ. ಹೊರಟ ಕೆಲವು ವಾರಗಳಲ್ಲೇ ದೋಣಿ ಸೋರತೊಡಗಿತು. ಅದು ದಕ್ಷಿಣದ ದೊಡ್ಡ ಅಲೆಗಳನ್ನು ತಡೆಯದು ಎಂದು ಅವನಿಗೆ ತಿಳಿಯಿತು. ಹಿಂದಿರುಗಿದರೆ ಅವಮಾನ, ಸಾಲ. ಮುಂದೆ ಹೋದರೆ ಸಾವು. ಅವನು ಮೂರನೇ ದಾರಿ ಹಿಡಿದ. ಅಟ್ಲಾಂಟಿಕ್ ಸಾಗರದಲ್ಲೇ ಸುತ್ತಾಡುತ್ತ, ನಾನು ಇಷ್ಟು ದೂರ ಹೋದೆ ಎಂದು ರೇಡಿಯೊದಲ್ಲಿ ಸುಳ್ಳು ಲೆಕ್ಕ ಕೊಟ್ಟ. ನಿಜವಾದ ದಾರಿ ಒಂದು, ತೋರಿಸುವ ದಾರಿ ಇನ್ನೊಂದು, ಹೀಗೆ ಎರಡು ಲೆಕ್ಕ. ದಡದಲ್ಲಿ ಜನ ಅವನನ್ನು ಹೊಗಳತೊಡಗಿದರು. ಹೊಗಳಿದಷ್ಟೂ ಅವನಿಗೆ ಹಿಂದೆ ಬರುವುದು ಕಷ್ಟವಾಯಿತು. 1969ರ ಜುಲೈ 10ರಂದು ಅವನ ದೋಣಿ ಸಾಗರದ ನಡುವೆ ಖಾಲಿಯಾಗಿ ತೇಲುತ್ತಿರುವುದು ಕಂಡಿತು. ಅವನು ಮನೆಗೆ ಬರಲೇ ಇಲ್ಲ.

ಗೆದ್ದ ನಾಕ್ಸ್-ಜಾನ್‌ಸ್ಟನ್ ತನಗೆ ಬಂದ 5,000 ಪೌಂಡ್ ಬಹುಮಾನವನ್ನು ಕ್ರೌಹರ್ಸ್ಟ್‌ನ ಹೆಂಡತಿ ಮಕ್ಕಳಿಗೆ ಕೊಟ್ಟುಬಿಟ್ಟ. ದೋಣಿ ಸೋರುವುದು ಎಂದರೆ ಏನೆಂದು ಅವನಿಗೆ ಗೊತ್ತಿತ್ತಲ್ಲ. ಇಬ್ಬರ ದೋಣಿಯೂ ಸೋರಿದ್ದೇ. ಕ್ರೌಹರ್ಸ್ಟ್‌ನನ್ನು ಆ ಸೋರಿಕೆಗಿಂತ ಹೆಚ್ಚಾಗಿ ಕಾಡಿದ್ದು ಅದನ್ನು ಹೇಳಲಾರದ ಸಂಕಟ. ಈ ಮಾತು ನನಗೆ ಪುಸ್ತಕದಿಂದ ಬಂದದ್ದಲ್ಲ. ನಾನೂ ಒಂದು ರಾತ್ರಿ ಎರಡು ಲೆಕ್ಕ ಇಟ್ಟವನೇ.

ನಾನು ಕೆಲಸಕ್ಕೆ ಸೇರಿದ ಹೊಸದು. ಬಿ.ಕಾಂ. ಮಾಡಿದವನು ಎಂಬ ಜಂಬ ಬೇರೆ. ಮೊದಲ ಬಾರಿಗೆ ನನ್ನನ್ನು ಕ್ಯಾಷ್ ಕೌಂಟರಿನಲ್ಲಿ ಕೂಡಿಸಿದ್ದರು. ಸಂಜೆ ಎಣಿಸಿದರೆ 450 ರೂಪಾಯಿ ಕಡಿಮೆ! ಆಗ ಅದು ನನ್ನ ಒಂದು ತಿಂಗಳ ಸಂಬಳದ ಹತ್ತಿರ ಹತ್ತಿರ. ಮೂರು ಸಲ ಎಣಿಸಿದೆ. ಬೆವರು ಕಿತ್ತು ಬಂತು. ಹೇಳಿದರೆ ನಗುತ್ತಾರೆ, ಕಳ್ಳ ಎನ್ನುತ್ತಾರೆ, ಕೆಲಸ ಹೋಗುತ್ತದೆ ಎಂದು ಏನೇನೋ ಯೋಚನೆ. ಬೆಳಿಗ್ಗೆ ಸಾಲ ತಂದು ತುಂಬಿದರಾಯಿತು ಎಂದುಕೊಂಡು, ಹಣ ಸರಿಯಾಗಿದೆ ಎಂದು ಪುಸ್ತಕದಲ್ಲಿ ಸಹಿ ಹಾಕಿದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ನಸುಕಿನಲ್ಲಿ ಗೆಳೆಯನ ಮನೆಗೆ ಹೋಗಿ ಸಾಲ ಕೇಳಿ ತಂದೆ. ಜೇಬಿನಲ್ಲಿ 450 ರೂಪಾಯಿ ಇಟ್ಟುಕೊಂಡು ಬ್ಯಾಂಕಿನ ಮೆಟ್ಟಿಲು ಹತ್ತುವಾಗ ಕಾಲು ಮುಂದೆ ಹೋಗಲಿಲ್ಲ. ನೇರ ಹಿರಿಯ ಕ್ಯಾಷಿಯರರ ಮನೆಗೆ ಹೋಗಿ, ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಅವರು ಚಹಾ ಕುಡಿಯುತ್ತಿದ್ದರು. "ಎಷ್ಟು ಕಮ್ಮಿ?" ಎಂದರು. ಹೇಳಿದೆ. "ಒಂಬತ್ತರಿಂದ ಭಾಗಿಸು" ಎಂದರು. ಐವತ್ತು ಸಲ ಸರಿಯಾಗಿ ಹೋಯಿತು. "ಹಂಗಾರ ರೊಕ್ಕ ಎಲ್ಲೂ ಹೋಗಿರಲಿಕ್ಕಿಲ್ಲ. ಬರಿಯೂವಾಗ ಅಂಕಿ ಹಿಂದ ಮುಂದ ಆಗಿರಬೇಕು. ನಡಿ ನೋಡೂಣು."

ಹತ್ತು ನಿಮಿಷದಲ್ಲಿ ಸಿಕ್ಕಿತು. ಒಬ್ಬರು 1,270 ರೂಪಾಯಿ ಕಟ್ಟಿದ್ದರು. ನಾನು 1,720 ಎಂದು ಬರೆದಿದ್ದೆ. (ಮಕ್ಕಳೇ, ನೀವೂ ಮಾಡಿ ನೋಡಿ. ಯಾವ ಸಂಖ್ಯೆಯಲ್ಲಾದರೂ ಅಕ್ಕಪಕ್ಕದ ಎರಡು ಅಂಕಿಗಳನ್ನು ಅದಲುಬದಲು ಮಾಡಿ ಕಳೆದರೆ ಉತ್ತರ ಒಂಬತ್ತರಿಂದ ಭಾಗವಾಗುತ್ತದೆ.) ನಾನು ಸಾಲದ ಹಣ ತುಂಬಿದ್ದರೆ ಪೆಟ್ಟಿಗೆಯಲ್ಲಿ 450 ಹೆಚ್ಚಾಗಿ, ಇದ್ದ ಒಂದು ತಪ್ಪು ಎರಡಾಗುತ್ತಿತ್ತು. ಸುಳ್ಳು ಸಹಿಗೆ ಅವರು ನನ್ನನ್ನು ಬಿಡಲಿಲ್ಲ. ಮ್ಯಾನೇಜರರ ಮುಂದೆ ನಿಲ್ಲಿಸಿ ನನ್ನ ಬಾಯಿಂದಲೇ ಹೇಳಿಸಿದರು. ಆದರೆ ಹೊರಗೆ ಬಂದ ಮೇಲೆ ಹೆಗಲ ಮೇಲೆ ಕೈ ಹಾಕಿ ಅಂದದ್ದು ಇಷ್ಟು: "ತಮ್ಮಾ, ಲೆಕ್ಕ ತಪ್ಪೂದು ಎಲ್ಲಾರಿಗೂ ಆಗ್ತೈತಿ. ಅವತ್ತಿಂದವತ್ತ ಹೇಳಬೇಕು, ಅಷ್ಟ." ಅವರು ಈಗ ಇಲ್ಲ. ಆಮೇಲೆ ಮೂವತ್ತಕ್ಕೂ ಹೆಚ್ಚು ವರ್ಷ ಕೆಲಸ ಮಾಡಿದೆ, ಎಷ್ಟೋ ಸಲ ತಪ್ಪಿದೆ, ಆದರೆ ಒಂದು ತಪ್ಪನ್ನೂ ರಾತ್ರಿ ದಾಟಿಸಲಿಲ್ಲ.

ಕಥೆ ಮುಗಿಯುವಾಗ ಕತ್ತಲಾಗಿತ್ತು, ನವಿಲುಗಳೂ ಸುಮ್ಮನಾಗಿದ್ದವು. ಮೊಮ್ಮಗ ಕೇಳಿದ, "ಆ ದೊಡ್ಡ ಕ್ಯಾಷಿಯರ್ ನಿಮಗ ಬೈಲಿಲ್ಲೇನು ಅಜ್ಜಾ?"

ನನಗೆ ಆಗ ಹೊಳೆಯಿತು. ಅವರು ಮೊದಲು ಕೇಳಿದ್ದು 'ಎಷ್ಟು ಕಮ್ಮಿ' ಎಂದು, 'ಯಾಕೆ ಹೀಗೆ ಮಾಡಿದೆ' ಎಂದಲ್ಲ. ಅಭಿಲಾಷ್ ಸಂದೇಶ ಕಳಿಸಿದಾಗಲೂ ದಡದವರು 'ಬಿರುಗಾಳಿಗೆ ಯಾಕೆ ಹೋದೆ' ಎನ್ನಲಿಲ್ಲ, ಹಡಗು ಹುಡುಕಿದರು. ನಾನು ಮಾತ್ರ ಕಳೆದ ತಿಂಗಳು ಈ ಹುಡುಗ ನೀರಿನ ಬಾಟಲಿ ಕಳೆದುಕೊಂಡು ಬಂದಾಗ ಅರ್ಧ ಗಂಟೆ ಬೈದಿದ್ದೆ. ಅವನು ಬಾಯಿ ಬಿಟ್ಟ ಕೊಂಡಿಯನ್ನು ಎಂಟು ದಿನ ಮುಚ್ಚಿಟ್ಟದ್ದು ನನಗೆ ಹೆದರಿ. ಒಳಗೆ ಹೋಗಿ ಸುಮ್ಮನೆ ಮಲಗಲು ಆಗಲಿಲ್ಲ. "ಇನ್ನ ಮ್ಯಾಲೆ ಮೊದಲ ಕೇಳತೇನಿ, ಆಮ್ಯಾಲೆ ಬೈತೇನಿ" ಎಂದೆ. "ಬೈಯೂದು ಇದ್ದ ಇರತೈತಿ ಹಂಗಾರ!" ಎಂದು ನಕ್ಕ.

ಮರುದಿನ ಚೈನಿಗೆ ಹೊಸ ಕೊಂಡಿ ಹಾಕಿಸಿದೆವು. ಸೈಕಲ್ಲಿನ ಸೀಟಿನ ಕೆಳಗೆ ಒಂದು ಸಣ್ಣ ಚೀಲ ಕಟ್ಟಿದ್ದೇವೆ. ಅದರಲ್ಲಿ ಒಂದು ಪಾನಾ, ಒಂದು ಕೊಂಡಿ, ಚಿಂದಿ ಬಟ್ಟೆ, ಮನೆಯ ಫೋನ್ ನಂಬರ್ ಬರೆದ ಚೀಟಿ. ನನ್ನ ಹಳೆಯ ಒಂದು ಡೈರಿಯನ್ನು ಅವನಿಗೆ ಕೊಟ್ಟಿದ್ದೇನೆ. ಮೊದಲ ಪುಟದಲ್ಲಿ ಅವನು ಬರೆದದ್ದು: 'ಹಿಂದಿನ ಬ್ರೇಕ್ ರಬ್ಬರ್ ಸವೆದಿದೆ. ಅಜ್ಜನಿಗೆ ಹೇಳಿದೆ.'

ಮಕ್ಕಳೇ, ಈ ವಾರ ನೀವೂ ನಿಮ್ಮ ಮನೆಯಲ್ಲಿ ನಾವಿಕರ ಹಾಗೆ ಒಂದು ಸುತ್ತು ಹಾಕಿರಿ. ಗ್ಯಾಸಿನ ರಬ್ಬರ್ ಪೈಪು ಬಿರುಕು ಬಿಟ್ಟಿದೆಯೇ? ಬಾವಿಯ ಹಗ್ಗದಲ್ಲಿ ಎಳೆ ಎದ್ದಿದೆಯೇ? ಕರೆಂಟು ಹೋದಾಗ ಕತ್ತಲಲ್ಲೇ ಕೈಗೆ ಸಿಗುವ ಜಾಗದಲ್ಲಿ ಬ್ಯಾಟರಿ ಇದೆಯೇ? ಕಂಡದ್ದನ್ನು ಮುಟ್ಟದೆ, ದಿನಾಂಕ ಹಾಕಿ ಬರೆದು ಹಿರಿಯರಿಗೆ ತೋರಿಸಿ. ಹಿರಿಯರೇ, ಅವರು ಪುಸ್ತಕ ಹಿಡಿದು ಬಂದಾಗ ಕನ್ನಡಕ ಹಾಕಿಕೊಂಡು ಓದಿರಿ. 'ಇದು ಯಾರು ಮಾಡಿದ್ದು' ಎಂದು ಮೊದಲೇ ಕೇಳಬೇಡಿರಿ.

ಮುಂದಿನ ವಾರ ಮತ್ತೆ ಸಿಗೋಣ.